ಕಿಡ್ನಿ ಕಸಿ ಮಾಡಿಸಿಕೊಂಡು ಊರಿಗೆ ಬಂದ ಮೇಲೆ: ಹಾಸನ, ಚಿಕ್ಕಮಗಳೂರಿನವರಿಗೊಂದು ಮಾರ್ಗದರ್ಶಿ

"ತೋಟಕ್ಕೆ ಯಾವಾಗ ಇಳಿಯಬಹುದು?" "ಮಾತ್ರೆ ಎಷ್ಟು ವರ್ಷ?" "ಜ್ವರ ಬಂದರೆ ಇಲ್ಲೇ ತೋರಿಸಬಹುದಾ, ಬೆಂಗಳೂರಿಗೇ ಹೋಗಬೇಕಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮಾತ್ರೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಹೊಸ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ. ಉಳಿದವಕ್ಕೆ ಸ್ವಲ್ಪ ವಿವರ ಬೇಕು.

ಆಸ್ಪತ್ರೆಯವರು ಕೊಡುವ ಪುಸ್ತಿಕೆಗಳು ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಆಸ್ಪತ್ರೆ ತಲುಪುವವರಿಗೆ ಹೊಂದುತ್ತವೆ. ನಿಮ್ಮ ಆಪರೇಷನ್ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ಆಗಿರುತ್ತದೆ, ಮನೆ ಇರುವುದು ಮೂಡಿಗೆರೆಯಲ್ಲಿ, ಕೊಪ್ಪದಲ್ಲಿ, ಸಕಲೇಶಪುರದ ಆಚೆ ಒಂದು ತೋಟದಲ್ಲಿ. ಆಷಾಢದ ಮಳೆಯಲ್ಲಿ ಶಿರಾಡಿಯೋ ಚಾರ್ಮಾಡಿಯೋ ಬಂದ್ ಆಗುತ್ತದೆ, ಎರಡು ದಿನ ಕರೆಂಟ್ ಇರುವುದಿಲ್ಲ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಆ ದೂರವನ್ನು ಲೆಕ್ಕಕ್ಕೆ ಹಿಡಿದೇ. ನಿಮ್ಮ ಕಸಿ ತಂಡ ಬರೆದುಕೊಟ್ಟ ಸೂಚನೆಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳಿ.

1. ಊರಿಗೆ ಹೊರಡುವ ಮುಂಚೆ

ಮೊದಲ ಎರಡು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಒಂದು ಬಾಡಿಗೆ ಕೋಣೆ ಹಿಡಿಯುವುದು ಒಳ್ಳೆಯದು. ಆರಂಭದಲ್ಲಿ ವಾರಕ್ಕೆ ಎರಡು ಸಲ ರಕ್ತಪರೀಕ್ಷೆ ಇರುತ್ತದೆ, ಆಮೇಲೆ ವಾರಕ್ಕೊಮ್ಮೆ. ಆಪರೇಷನ್ ವೇಳೆ ಮೂತ್ರನಾಳದಲ್ಲಿ ಇಟ್ಟ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆಯನ್ನು ಸಾಮಾನ್ಯವಾಗಿ ಎರಡರಿಂದ ಆರು ವಾರದೊಳಗೆ ತೆಗೆಯುತ್ತಾರೆ. ಅದನ್ನು ತೆಗೆದದ್ದು ಫೈಲಿನಲ್ಲಿ ನಮೂದಾಗಿದೆಯೇ ಎಂದು ನೋಡದೆ ಊರಿಗೆ ಹೊರಡಬೇಡಿ. ಮರೆತು ಉಳಿದ ಸ್ಟೆಂಟ್ ಸೋಂಕಿಗೂ ಕಲ್ಲಿಗೂ ದಾರಿ.

ಹೊರಡುವಾಗ ಕೈಯಲ್ಲಿರಬೇಕಾದವು: ಡಿಸ್ಚಾರ್ಜ್ ಸಮ್ಮರಿಯ ಮೂರು ಜೆರಾಕ್ಸ್, ಈಗ ನಡೆಯುತ್ತಿರುವ ಮಾತ್ರೆಗಳ ಪಟ್ಟಿ, ಕಸಿ ಸಂಯೋಜಕರ ಫೋನ್ ನಂಬರ್, ರಾತ್ರಿ ಹೊತ್ತು ಫೋನ್ ಎತ್ತುವ ಇನ್ನೊಂದು ನಂಬರ್, ಮತ್ತು ನಿಮ್ಮ "ಮೂಲ ಕ್ರಿಯಾಟಿನಿನ್". ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕಬೇಕಾದ ಒಂದು ತ್ಯಾಜ್ಯ. ರಕ್ತದಲ್ಲಿ ಅದು ಹೆಚ್ಚಿದರೆ ಕಿಡ್ನಿಯ ಕೆಲಸ ಕುಂಟುತ್ತಿದೆ ಎಂದು ಅರ್ಥ. ಕಸಿಯ ನಂತರ ಒಬ್ಬರದು 1.0ಕ್ಕೆ ನಿಲ್ಲುತ್ತದೆ, ಇನ್ನೊಬ್ಬರದು 1.5ಕ್ಕೆ; ಹಾಗೆ ನಿಂತ ಸಂಖ್ಯೆಯೇ ಮೂಲ. ಪಕ್ಕದ ಹಾಸಿಗೆಯವರ ಸಂಖ್ಯೆಯ ಜೊತೆ ಹೋಲಿಸಿ ಕೊರಗುವುದರಲ್ಲಿ ಅರ್ಥವಿಲ್ಲ. ನಿಮ್ಮದೇ ಮೂಲ ಸಂಖ್ಯೆಗಿಂತ ಶೇ. 20–25ರಷ್ಟು ಏರಿದರೆ ಮಾತ್ರ ಅದು ಸುದ್ದಿ. 1.2 ಇದ್ದದ್ದು 1.5 ಆದರೆ ಲ್ಯಾಬಿನವರು "ನಾರ್ಮಲ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ" ಎನ್ನಬಹುದು. ನೀವು ಅದೇ ದಿನ ಫೋನ್ ಮಾಡಬೇಕು.

ಮನೆಯ ಕಡೆಯ ಕೆಲಸ ನೀವು ಬರುವ ಮುಂಚೆಯೇ ಮುಗಿದಿರಲಿ. ಮಳೆಗಾಲದಲ್ಲಿ ಮಲೆನಾಡಿನ ಗೋಡೆ ಬೂಷ್ಟು ಹಿಡಿಯುತ್ತದೆ. ಅದರ ಕಣಗಳು ಉಸಿರಿನೊಳಗೆ ಹೋದರೆ ರೋಗನಿರೋಧಕ ಶಕ್ತಿ ತಗ್ಗಿದವರ ಶ್ವಾಸಕೋಶಕ್ಕೆ ಅಪಾಯ. ಬಿಸಿಲು, ಗಾಳಿ ಬರುವ ಕೋಣೆ ಆರಿಸಿ, ಗೋಡೆ ಕೆರೆದು ಸುಣ್ಣಬಣ್ಣ ಮಾಡಿಸಿ, ಧೂಳು ಕೂತ ಮೇಲೆ ಒಳಗೆ ಬನ್ನಿ. ರೋಗಿ ಬಂದ ಖುಷಿಗೆ ಮನೆ ರಿಪೇರಿ ಶುರು ಮಾಡುವವರಿದ್ದಾರೆ. ಅದೊಂದು ಬೇಡ.

2. ಮಾತ್ರೆ ಮತ್ತು ಗಡಿಯಾರ

ಹೆಚ್ಚಿನವರಿಗೆ ಮೂರು ಮುಖ್ಯ ಔಷಧಿಗಳಿರುತ್ತವೆ: ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ (ಇದು ಸ್ಟೆರಾಯ್ಡ್). ದೇಹ ಹೊಸ ಕಿಡ್ನಿಯನ್ನು ಪರಕೀಯವೆಂದು ತಿಳಿದು ದಾಳಿ ಮಾಡುವುದಕ್ಕೆ "ರಿಜೆಕ್ಷನ್" ಎನ್ನುತ್ತಾರೆ. ಈ ಮೂರೂ ಅದನ್ನು ತಡೆಯುತ್ತವೆ. ಇವುಗಳಲ್ಲಿ ಅತಿ ಸೂಕ್ಷ್ಮದ್ದು ಟ್ಯಾಕ್ರೋಲಿಮಸ್. ರಕ್ತದಲ್ಲಿ ಅದರ ಮಟ್ಟ ಇಳಿದರೆ ರಿಜೆಕ್ಷನ್. ಏರಿದರೆ ಕೈ ನಡುಕ, ತಲೆನೋವು, ಸಕ್ಕರೆ ಮತ್ತು ಬಿಪಿ ಏರಿಕೆ, ಕೊನೆಗೆ ಯಾವ ಕಿಡ್ನಿಯನ್ನು ಕಾಯಲು ತೆಗೆದುಕೊಳ್ಳುತ್ತೇವೋ ಅದಕ್ಕೇ ಪೆಟ್ಟು.

ಸಾಮಾನ್ಯ ಟ್ಯಾಕ್ರೋಲಿಮಸ್ ಅನ್ನು 12 ಗಂಟೆಗೊಮ್ಮೆ ತೆಗೆದುಕೊಳ್ಳಬೇಕು. ಯಾವ ಹೊತ್ತು ಎಂಬುದನ್ನು ನಿರ್ಧರಿಸುವಾಗ ಹೆಚ್ಚಿನವರು ಊಟದ ಸಮಯವನ್ನಷ್ಟೇ ನೋಡುತ್ತಾರೆ. ಲ್ಯಾಬ್ ಮತ್ತು ಬಸ್ಸಿನ ಸಮಯವನ್ನೂ ನೋಡಿ, ಕಾರಣ ಮುಂದಿನ ಹಂತದಲ್ಲಿದೆ. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಊಟವಾಗಿ ಎರಡು ಮೂರು ಗಂಟೆಯ ನಂತರ ತೆಗೆದುಕೊಳ್ಳುವುದು ರೂಢಿ. ಯಾವ ಕ್ರಮವಾದರೂ ಪ್ರತಿದಿನ ಅದೇ ಇರಲಿ. ಒಂದು ದಿನ ಖಾಲಿ ಹೊಟ್ಟೆ, ಒಂದು ದಿನ ಅಕ್ಕಿರೊಟ್ಟಿ ತಿಂದ ಮೇಲೆ ಎಂದಾದರೆ ಮಟ್ಟ ಏರಿಳಿಯುತ್ತದೆ. ಅಸಿಡಿಟಿಗೆ ಕುಡಿಯುವ ಬಿಳಿ ಟಾನಿಕ್ ಮತ್ತು ಕಬ್ಬಿಣಾಂಶದ ಮಾತ್ರೆ ಮೈಕೋಫಿನೋಲೇಟ್ ದೇಹಕ್ಕೆ ಹಿಡಿಯುವುದನ್ನು ತಗ್ಗಿಸಬಲ್ಲವು. ನಡುವೆ ಕನಿಷ್ಠ ಎರಡು ಗಂಟೆ ಬಿಡಿ.

ಮರೆತರೆ? ಕೆಲವೇ ಗಂಟೆ ತಡವಾಗಿದ್ದರೆ ನೆನಪಾದ ಕೂಡಲೇ ತೆಗೆದುಕೊಳ್ಳಿ, ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಬಿಟ್ಟದ್ದನ್ನು ಬಿಡಿ. ಎರಡು ಡೋಸ್ ಒಟ್ಟಿಗೆ ನುಂಗುವುದು ಎಂದಿಗೂ ಬೇಡ. ಎಷ್ಟು ಗಂಟೆಯವರೆಗೆ ಎಂಬ ಗಡಿಯನ್ನು ನಿಮ್ಮ ತಂಡದಿಂದ ಬರೆಸಿಕೊಂಡೇ ಬನ್ನಿ. ಮಾತ್ರೆ ನುಂಗಿದ ಸ್ವಲ್ಪದರಲ್ಲೇ ವಾಂತಿಯಾದರೂ ಭೇದಿ ಹಿಡಿದರೂ ಫೋನ್ ಮಾಡಿ. ಭೇದಿಯಾದರೆ ಮಾತ್ರೆ ಮೈಗೆ ಹತ್ತುವುದಿಲ್ಲ ಎಂದು ಜನ ತಿಳಿಯುತ್ತಾರೆ. ಟ್ಯಾಕ್ರೋಲಿಮಸ್ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದು ತದ್ವಿರುದ್ಧ, ಮಟ್ಟ ಏರುತ್ತದೆ.

ಮಳೆಗಾಲದಲ್ಲಿ ಕ್ಯಾಪ್ಸೂಲ್‌ಗಳಿಗೆ ತೇವವೇ ಶತ್ರು. ವಾರದ ಮಾತ್ರೆಯನ್ನೆಲ್ಲ ಬಿಡಿಸಿ ಡಬ್ಬಿಗೆ ತುಂಬುವ ಅಭ್ಯಾಸ ಬಯಲುಸೀಮೆಗೆ ಸರಿಹೋದೀತು, ಕಳಸದ ಜುಲೈ ತಿಂಗಳಿಗಲ್ಲ. ಸ್ಟ್ರಿಪ್ಪನ್ನೇ ಕತ್ತರಿಯಿಂದ ತುಂಡು ಮಾಡಿ ಡಬ್ಬಿಯಲ್ಲಿಡಿ, ಹೊರಗಿನ ಅಲ್ಯೂಮಿನಿಯಂ ಚೀಲವನ್ನು ಬೇಕಾದಾಗ ಮಾತ್ರ ಒಡೆಯಿರಿ. ಒಲೆಯ ಮೇಲಿನ ಅಟ್ಟ, ಬಚ್ಚಲುಮನೆಯ ಗೂಡು ಎರಡೂ ಬೇಡ.

ದಾಸ್ತಾನು: ಕನಿಷ್ಠ ಮೂರು ವಾರದ ಮಾತ್ರೆ ಸದಾ ಮನೆಯಲ್ಲಿರಲಿ, ಜೂನ್ ಹೊತ್ತಿಗೆ ಇನ್ನೂ ಸ್ವಲ್ಪ ಜಾಸ್ತಿ. ತಾಲೂಕಿನ ಮೆಡಿಕಲ್ ಶಾಪಿನಲ್ಲಿ ಟ್ಯಾಕ್ರೋಲಿಮಸ್ ಕೇಳಿದ ತಕ್ಷಣ ಸಿಗುವ ಸರಕಲ್ಲ, ತರಿಸಿಕೊಡಬೇಕಾಗುತ್ತದೆ. "ಆ ಕಂಪನಿದಿಲ್ಲ, ಇದೂ ಅದೇ" ಎಂದು ಬೇರೆ ಬ್ರಾಂಡ್ ಕೊಟ್ಟರೆ ತಂಡಕ್ಕೆ ತಿಳಿಸದೆ ಬದಲಿಸಬೇಡಿ. ಬದಲಿಸಿದರೆ ಮಟ್ಟವನ್ನು ಮತ್ತೆ ಅಳೆಯಬೇಕು. ದಿನಕ್ಕೊಂದೇ ಸಲ ತೆಗೆದುಕೊಳ್ಳುವ ದೀರ್ಘಾವಧಿಯ ಟ್ಯಾಕ್ರೋಲಿಮಸ್ ಕೂಡ ಇದೆ. ಇದನ್ನೂ ಅದನ್ನೂ ಅದಲುಬದಲು ಮಾಡಿ ಕೊಟ್ಟರೆ ದೊಡ್ಡ ಅನಾಹುತ. ಬಿಲ್ ಮಾಡಿಸುವ ಮುಂಚೆ ಹಳೆಯ ಸ್ಟ್ರಿಪ್ ಪಕ್ಕಕ್ಕಿಟ್ಟು ಹೆಸರು, ಮಿಲಿಗ್ರಾಂ ಎರಡನ್ನೂ ತಾಳೆ ನೋಡಿ. 0.5ಕ್ಕೂ 5ಕ್ಕೂ ಹತ್ತುಪಟ್ಟು ವ್ಯತ್ಯಾಸ.

3. "ಲೆವೆಲ್" ಪರೀಕ್ಷೆ: ಹೆಚ್ಚು ತಪ್ಪುಗಳಾಗುವ ಜಾಗ

ಟ್ಯಾಕ್ರೋ ಲೆವೆಲ್ ಎಂದರೆ ರಾತ್ರಿಯ ಮಾತ್ರೆ ತೆಗೆದುಕೊಂಡು 12 ಗಂಟೆಯಾದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮುಂಚೆ, ರಕ್ತದಲ್ಲಿ ಉಳಿದಿರುವ ಔಷಧಿಯ ಪ್ರಮಾಣ. ಗುರಿ ಮೊದಲ ತಿಂಗಳುಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ. ನಿಮ್ಮ ಗುರಿ ಎಷ್ಟೆಂದು ಕೇಳಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಆಗುವ ತಪ್ಪು ಹೀಗೆ: ಆರು ಗಂಟೆಯ ಬಸ್ಸಿಗೆ ಹೊರಡಬೇಕು, ದಾರಿಯಲ್ಲಿ ಮರೆತೀತೆಂದು ಮನೆಯವರು ಮಾತ್ರೆ ನುಂಗಿಸಿ ಕಳಿಸುತ್ತಾರೆ. ಹಾಸನ ತಲುಪಿ ರಕ್ತ ಕೊಟ್ಟಾಗ ಮಟ್ಟ ಸುಳ್ಳುಸುಳ್ಳೇ ಏರಿರುತ್ತದೆ. ಅದನ್ನು ನಂಬಿ ವೈದ್ಯರು ಡೋಸ್ ಇಳಿಸುತ್ತಾರೆ. ಎರಡು ವಾರಕ್ಕೆ ಕ್ರಿಯಾಟಿನಿನ್ ಏರುತ್ತದೆ. ರಾತ್ರಿ ಏಳಕ್ಕೆ ಮಾತ್ರೆ ತೆಗೆದುಕೊಂಡು ಮರುದಿನ ಹನ್ನೊಂದಕ್ಕೆ ರಕ್ತ ಕೊಟ್ಟರೆ ಮಟ್ಟ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಆಗ ಡೋಸ್ ಅನಗತ್ಯವಾಗಿ ಏರುತ್ತದೆ.

ಸರಿಯಾದ ಕ್ರಮ:

ಕ) ನಿಮಗೆ ಹತ್ತಿರದ ಲ್ಯಾಬಿನಲ್ಲಿ ರಕ್ತ ತೆಗೆಯುವವರು ಎಷ್ಟು ಹೊತ್ತಿಗೆ ಬರುತ್ತಾರೆ, ನಿಮ್ಮ ಬಸ್ ಎಷ್ಟಕ್ಕೆ ತಲುಪುತ್ತದೆ ಎಂದು ಮೊದಲು ವಿಚಾರಿಸಿ. ಒಂಬತ್ತಕ್ಕೆ ಮುಂಚೆ ಆಗದಿದ್ದರೆ ಮಾತ್ರೆಯ ಸಮಯವನ್ನೇ ಬೆಳಿಗ್ಗೆ 9, ರಾತ್ರಿ 9 ಮಾಡಬಹುದೇ ಎಂದು ತಂಡವನ್ನು ಕೇಳಿ.

ಖ) ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರೆ ತೆಗೆದುಕೊಂಡ ಸಮಯ ಬರೆದಿಡಿ.

ಗ) ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ರಕ್ತ ಕೊಟ್ಟ ಕೂಡಲೇ ಅಲ್ಲೇ ನುಂಗಿ. ನೀರಿನ ಬಾಟಲಿ ಜೊತೆಗಿರಲಿ.

ಘ) ಕೊನೆಯ ಡೋಸಿನ ಸಮಯ, ರಕ್ತ ತೆಗೆದ ಸಮಯ ಎರಡನ್ನೂ ಚೀಟಿಯಲ್ಲಿ ಬರೆಸಿ.

ಸಣ್ಣ ಊರಿನ ಲ್ಯಾಬುಗಳು ಈ ಸ್ಯಾಂಪಲನ್ನು ದೊಡ್ಡ ಊರಿಗೆ ಕಳಿಸುತ್ತವೆ, ವರದಿಗೆ ಒಂದೆರಡು ದಿನ ಬೇಕು. ಶನಿವಾರ ಕೊಟ್ಟರೆ ಸೋಮವಾರದವರೆಗೆ ಅಲ್ಲೇ ಕೂತಿರಬಹುದು, ಆದ್ದರಿಂದ ವಾರದ ಆರಂಭದಲ್ಲಿ ಕೊಡಿ. ಕ್ರಿಯಾಟಿನಿನ್ ಪರೀಕ್ಷೆಯನ್ನು ಪ್ರತಿಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ.

4. ನೋಟ್‌ಬುಕ್

ಒಂದು ಇನ್ನೂರು ಪುಟದ ಪುಸ್ತಕ, ಥರ್ಮಾಮೀಟರ್, ಬಿಪಿ ಯಂತ್ರ, ತೂಕದ ಯಂತ್ರ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ ತೂಕ, ದಿನಕ್ಕೆರಡು ಸಲ ಬಿಪಿ, ಒಂದು ಸಲ ಜ್ವರ. ಟ್ಯಾಕ್ರೋಲಿಮಸ್, ಸ್ಟೆರಾಯ್ಡ್ ಎರಡೂ ಸಕ್ಕರೆ ಏರಿಸಬಲ್ಲವು. ಹಿಂದೆ ಸಕ್ಕರೆ ಕಾಯಿಲೆ ಇರದವರಿಗೂ ಕಸಿಯ ನಂತರ ಬರುವುದುಂಟು, ಹಾಗಾಗಿ ಅದನ್ನೂ ಹೇಳಿದ ಅವಧಿಗೆ ನೋಡಿಕೊಳ್ಳಿ. ಎರಡು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ಅದು ಅನ್ನದ್ದಲ್ಲ, ನೀರಿನದು. ಮೂತ್ರ ಕಡಿಮೆಯಾಗಿದೆಯೇ, ಕಾಲು ಊದಿದೆಯೇ, ಕಸಿ ಮಾಡಿದ ಜಾಗದಲ್ಲಿ (ಕಿಬ್ಬೊಟ್ಟೆಯ ಒಂದು ಬದಿ) ನೋವಿದೆಯೇ ನೋಡಿ, ಫೋನ್ ಮಾಡಿ.

5. ನೀರು, ಊಟ

ಡಯಾಲಿಸಿಸ್ ಕಾಲದಲ್ಲಿ ನೀರನ್ನು ಅಳೆದು ಕುಡಿದು ಅಭ್ಯಾಸವಾದವರಿಗೆ ಇದೇ ಕಷ್ಟದ ಬದಲಾವಣೆ. ಈಗ, ವೈದ್ಯರು ಮಿತಿ ಹೇಳಿರದಿದ್ದರೆ, ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಬೇಕು. ಮಳೆಗಾಲದಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ಆದ್ದರಿಂದ ಬಾಟಲಿ ತುಂಬಿಟ್ಟು ಲೆಕ್ಕ ಹಿಡಿದು ಕುಡಿಯಿರಿ. ಬೆಂಗಳೂರಿನ ಬಸ್ ಪ್ರಯಾಣದ ದಿನ ಮೂತ್ರದ ತಾಪತ್ರಯ ಬೇಡವೆಂದು ನೀರೇ ಬಿಟ್ಟುಬಿಡುವುದನ್ನು, ಅದರಲ್ಲೂ ಹೆಣ್ಣುಮಕ್ಕಳು, ತೀರಾ ಸಾಮಾನ್ಯವಾಗಿ ಮಾಡುತ್ತಾರೆ. ಮೂತ್ರದ ಸೋಂಕಿಗೂ ಕ್ರಿಯಾಟಿನಿನ್ ಏರಿಕೆಗೂ ಅದೇ ಸಾಕು. ಪರೀಕ್ಷೆಯ ದಿನವೇ ಒಣಗಿದ ದೇಹದಲ್ಲಿ ರಕ್ತ ಕೊಟ್ಟರೆ ವರದಿಯೂ ಹೆದರಿಸುತ್ತದೆ. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲಿನಲ್ಲಿ ಶೌಚಾಲಯವಿರುತ್ತದೆ, ಸಮಯ ಹೊಂದಿದರೆ ಅದೇ ವಾಸಿ.

ಅಬ್ಬಿ ನೀರು, ಬಾವಿ ನೀರು, ಬೋರ್‌ವೆಲ್ ಯಾವುದಾದರೂ ಕುದಿಸಿಯೇ ಕುಡಿಯಬೇಕು. ಗುಳ್ಳೆಯೆದ್ದು ಮರಳತೊಡಗಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಯಲಿ. ಬಚ್ಚಲ ಹಂಡೆಯ ಬಿಸಿನೀರು ಕುದಿಸಿದ ನೀರಲ್ಲ.

ಮುದ್ದೆ, ಅನ್ನ, ಸಾರು, ಪಲ್ಯ, ಬೇಯಿಸಿದ ಮೊಟ್ಟೆ, ಚೆನ್ನಾಗಿ ಬೆಂದ ಮೀನು ಮಾಂಸ, ಕಾಯಿಸಿದ ಹಾಲಿನ ಮನೆ ಮೊಸರು ಎಲ್ಲವನ್ನೂ ತಿನ್ನಬಹುದು. ಸ್ಟೆರಾಯ್ಡ್ ಹಸಿವು ಏರಿಸುವುದರಿಂದ ತಟ್ಟೆಯ ಅಳತೆ ಮುಖ್ಯ. ಉಪ್ಪಿನಕಾಯಿ, ಹಪ್ಪಳ ಬಿಪಿಯ ಲೆಕ್ಕಕ್ಕೆ ಹೋಗುತ್ತವೆ. ಟ್ಯಾಕ್ರೋಲಿಮಸ್ ಪೊಟ್ಯಾಶಿಯಂ ಏರಿಸುತ್ತದೆ, ವರದಿ ನೋಡದೆ ದಿನಾ ಎಳನೀರು ಬೇಡ. ಹೋಟೆಲಿನ ಚಟ್ನಿ, ಕತ್ತರಿಸಿಟ್ಟ ಹಣ್ಣು, ತಣ್ಣೀರು ಮೊದಲ ವರ್ಷ ಬಿಡಿ, ಹೊಗೆಯಾಡುವ ಇಡ್ಲಿ ಸಾಂಬಾರಿಗೆ ಅಡ್ಡಿಯಿಲ್ಲ. ತೀರ್ಥವನ್ನು ಕಣ್ಣಿಗೊತ್ತಿಕೊಂಡರೆ ಸಾಕು. ಏಕಾದಶಿ, ಶಿವರಾತ್ರಿ, ರಂಜಾನ್ ಯಾವ ಉಪವಾಸವಾದರೂ ವೈದ್ಯರನ್ನು ಕೇಳಿ. ನೀರನ್ನೂ ಬಿಡುವ ಉಪವಾಸ ಮೊದಲ ವರ್ಷವಂತೂ ಬೇಡ.

ನಿಮ್ಮ ಹಿತ್ತಲಿನಲ್ಲೇ ಇರಬಹುದಾದ ಅಪಾಯಗಳು ಬೇರೆ. ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಬಲ್ಲದು. ಅದರ ಪರಿಣಾಮ ದಿನಕ್ಕೂ ಮೀರಿ ಉಳಿಯುವುದರಿಂದ "ಮಾತ್ರೆ ಬೆಳಿಗ್ಗೆ, ಹಣ್ಣು ಮಧ್ಯಾಹ್ನ" ಎಂಬ ಉಪಾಯ ನಡೆಯುವುದಿಲ್ಲ. ಧಾರೆಹುಳಿ ಮತ್ತು ಬಿಂಬುಳಿಯಲ್ಲಿ ಆಕ್ಸಲೇಟ್ (ಕಿಡ್ನಿಯಲ್ಲಿ ಹರಳುಗಟ್ಟುವ ವಸ್ತು) ಬಹಳ, ರಸ ಹಿಂಡಿ ಕುಡಿದವರಿಗೆ ಕಿಡ್ನಿ ಕೆಟ್ಟ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅಮೃತಬಳ್ಳಿ ಕಷಾಯ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಪ್ರೀತಿಯಿಂದ ತಂದುಕೊಡುವ ನೆಂಟರಿರುತ್ತಾರೆ. ನೀವು ಮಾತ್ರೆ ನುಂಗುತ್ತಿರುವುದು ಆ ಶಕ್ತಿಯನ್ನು ತಗ್ಗಿಸಲು! ಭಸ್ಮ, ನಾಟಿ ಔಷಧಿ, ಕಾಡಿನ ಅಣಬೆಗಳೂ ಬೇಡ. ಜೀರಿಗೆ, ಮೆಣಸಿನ ಕಷಾಯ ಅಡುಗೆಯ ಪ್ರಮಾಣದಲ್ಲಿ ಇರಲಿ.

6. ಜ್ವರ ಬಂದರೆ, ಊರಿನ ಕ್ಲಿನಿಕ್ಕಿಗೆ ಹೋದರೆ

100.4 ಡಿಗ್ರಿ ಫ್ಯಾರನ್‌ಹೀಟ್ (38 ಸೆಲ್ಸಿಯಸ್) ದಾಟಿದರೆ ಅದೇ ಹೊತ್ತಿಗೆ ಫೋನ್. ಮೊದಲು ಅಳೆದು ಬರೆದುಕೊಳ್ಳಿ, ಆಮೇಲೆ ಪ್ಯಾರಾಸಿಟಮಾಲ್. "ಎರಡು ದಿನ ನೋಡೋಣ" ಎಂಬುದು ಇನ್ನು ನಿಮಗಲ್ಲ. ಸ್ಟೆರಾಯ್ಡ್ ಜ್ವರವನ್ನು ಮರೆಮಾಚುವುದರಿಂದ ಜ್ವರವಿಲ್ಲದೆ ಬರೀ ಸುಸ್ತು, ಕೆಮ್ಮು, ಉಸಿರುಗಟ್ಟುವಿಕೆ ಇದ್ದರೂ ಹೇಳಿ.

ದಾರಿ ಬಂದ್ ಆಗಿದ್ದರೆ ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ (ಹಿಮ್ಸ್), ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾಸ್ಪತ್ರೆ ಮೊದಲ ನಿಲ್ದಾಣಗಳು. ಅಲ್ಲಿಂದಲೇ ನಿಮ್ಮ ತಂಡದ ಜೊತೆ ಫೋನಿನಲ್ಲಿ ಮಾತಾಡಿಸಿ. ಫೈಲಿನ ಮೇಲೆ ದಪ್ಪಕ್ಷರದಲ್ಲಿ "ಕಿಡ್ನಿ ಕಸಿ ರೋಗಿ" ಎಂದು ಬರೆದು ಕೆಳಗೆ ಈ ಸಾಲುಗಳನ್ನು ಸೇರಿಸಿ:

– ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಬೇಡ. ಇವು ನೇರವಾಗಿ ಕಿಡ್ನಿಗೆ ಪೆಟ್ಟು. ಮೈಕೈನೋವಿಗೆ ಕೊಡುವ "ಒಂದು ಸೂಜಿ"ಯಲ್ಲಿ ಹೆಚ್ಚಾಗಿ ಇರುವುದು ಮೊದಲಿನದೇ.

– ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್, ಫ್ಲುಕೊನಜೋಲ್, ಇಟ್ರಾಕೊನಜೋಲ್, ಡಿಲ್ಟಿಯಾಜೆಮ್ ಟ್ಯಾಕ್ರೋಲಿಮಸ್ ಏರಿಸುತ್ತವೆ. ಮಳೆಗಾಲದ ಹುಳುಕಡ್ಡಿಗೆ ಮೆಡಿಕಲ್ ಶಾಪಿನವರು ಕೊಡುವ ಮಾತ್ರೆ ಬಹುತೇಕ ಈ ಜೋಲ್‌ಗಳಲ್ಲೊಂದು.

– ರಿಫಾಂಪಿಸಿನ್ (ಕ್ಷಯದ ಔಷಧಿ), ಫಿನಿಟಾಯಿನ್, ಕಾರ್ಬಮಜೆಪಿನ್ (ಮೂರ್ಛೆಗೆ) ಮಟ್ಟವನ್ನು ಪಾತಾಳಕ್ಕಿಳಿಸುತ್ತವೆ.

ಇವುಗಳಲ್ಲಿ ಕೆಲವನ್ನು ಅನಿವಾರ್ಯವಾದಾಗ ಕೊಡಲೇಬೇಕಾಗುತ್ತದೆ. ಆಗ ಟ್ಯಾಕ್ರೋಲಿಮಸ್ ಡೋಸನ್ನೂ ಜೊತೆಗೇ ಬದಲಿಸಬೇಕು, ಕೋರ್ಸ್ ಮುಗಿದ ದಿನ ಮತ್ತೆ ಸರಿಪಡಿಸಬೇಕು. ಎರಡನೆಯದನ್ನು ಮರೆಯುವವರೇ ಜಾಸ್ತಿ.

ಲಸಿಕೆಯಲ್ಲಿ ಜೀವಂತ ರೋಗಾಣು ಇರುವವು (ದಡಾರದ್ದು, ಚಿಕನ್‌ಪಾಕ್ಸ್‌ನದು) ನಿಮಗೆ ಸಲ್ಲ. ಫ್ಲೂ ಇಂಜೆಕ್ಷನ್ ವರ್ಷಕ್ಕೊಮ್ಮೆ ಒಳ್ಳೆಯದು. ಪೋಲಿಯೊ ಹನಿಯಲ್ಲೂ ಜೀವಂತ ರೋಗಾಣು ಇರುವುದರಿಂದ ಮನೆಯ ಮಗುವಿಗೆ ಹನಿಯ ಬದಲು ಪೋಲಿಯೊ ಇಂಜೆಕ್ಷನ್ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ, ಹನಿ ಹಾಕಿಸಿಬಿಟ್ಟಿದ್ದರೆ ಕೆಲವು ವಾರ ಅದರ ಕಕ್ಕ ತೊಳೆಯುವ ಕೆಲಸ ಬೇರೆಯವರದಾಗಲಿ.

7. ತೋಟ, ಗದ್ದೆ, ಕೊಟ್ಟಿಗೆ

ಮೊದಲ ಆರೆಂಟು ವಾರ ಐದು ಕಿಲೋಗಿಂತ ಹೆಚ್ಚು ಭಾರ ಎತ್ತಬೇಡಿ, ಗಾಯದ ಜಾಗದಲ್ಲಿ ಹರ್ನಿಯಾ ಬರುತ್ತದೆ. ಗಾಡಿ ಓಡಿಸುವುದೂ ವೈದ್ಯರು ಒಪ್ಪಿದ ಮೇಲೆ, ಸಾಮಾನ್ಯವಾಗಿ ನಾಲ್ಕಾರು ವಾರಕ್ಕೆ. ಕಚೇರಿ, ಅಂಗಡಿ, ಮಾಸ್ತರಿಕೆಗೆ ಎರಡು ಮೂರು ತಿಂಗಳಲ್ಲಿ ಮರಳಬಹುದು. ತೋಟದ ಕೆಲಸಕ್ಕೆ ಇನ್ನಷ್ಟು ಕಾಯಬೇಕು, ಅದೂ ಕೆಲಸವನ್ನು ಆರಿಸಿ.

ತಂಪು ಹೊತ್ತಿನಲ್ಲಿ ತೋಟ ಸುತ್ತುವುದು, ಲೆಕ್ಕ ಬರೆಯುವುದು, ಮೇಲ್ವಿಚಾರಣೆ ನಿರಾತಂಕ. ಗೊಬ್ಬರದ ಗುಂಡಿ ಕೆದಕುವುದು, ದರಗು ಗುಡಿಸುವುದು, ಬೂಷ್ಟು ಹಿಡಿದ ಹುಲ್ಲು ಒದರುವುದು, ಪಾರಿವಾಳ ಬಾವಲಿ ಹಿಕ್ಕೆಯ ಗೋದಾಮು ಗುಡಿಸುವುದು ಕೈಬಿಡಬೇಕಾದ ಕೆಲಸಗಳು, ಏಕೆಂದರೆ ಶಿಲೀಂಧ್ರ ಉಸಿರಿಗೆ ಹೋಗುವುದು ಇಲ್ಲೇ. ಮಣ್ಣು ಮುಟ್ಟುವಾಗ ಕೈಗವಸು, ಗಮ್ ಬೂಟು ಬೇಕೇಬೇಕು. ಕೆಸರುಗದ್ದೆಗೆ ಬರಿಗಾಲಲ್ಲಿ ಇಳಿಯುವುದು ಇಲಿಜ್ವರಕ್ಕೆ ಆಹ್ವಾನ. ಇಂಬಳ ಕಚ್ಚಿದರೆ ತೆಗೆದು ಸೋಪಿನಿಂದ ತೊಳೆದು ನಂಜುನಿವಾರಕ ಹಚ್ಚಿ. ಹಾಲು ಕರೆಯಬಹುದು, ಹಸು ಕರು ಹಾಕುವಾಗ ಮಾತ್ರ ಕೈಹಾಕಬೇಡಿ.

ಮಂಗನ ಕಾಯಿಲೆಯನ್ನು (ಕೆಎಫ್‌ಡಿ) 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೂ ಅದು ಹೊಸದಲ್ಲ. ಡಿಸೆಂಬರ್‌ನಿಂದ ಮೇ ತನಕ ಉಣುಗುಗಳ ಕಾಲ. ಆಗ ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗುವುದು ಬೇಡ. ಮಂಗ ಸತ್ತ ಸುದ್ದಿ ಇದ್ದರೆ ತೋಟದ ಅಂಚಿಗೂ ಬೇಡ, ಆಶಾ ಕಾರ್ಯಕರ್ತೆಗೆ ತಿಳಿಸಿ. ಡೆಂಗಿಗೆ ಸೊಳ್ಳೆಪರದೆ, ನೀರು ನಿಲ್ಲದ ಅಂಗಳ.

ಹಾಸನಾಂಬೆಯ ದರ್ಶನದ ಸಾಲು, ದೇವೀರಮ್ಮನ ಬೆಟ್ಟದ ಜನಜಂಗುಳಿ, ಮದುವೆ ಛತ್ರ: ಮೊದಲ ಆರು ತಿಂಗಳು ಹೋಗದಿರುವುದೇ ಕ್ಷೇಮ, ಆಮೇಲೆ ಮಾಸ್ಕ್ ಹಾಕಿ ಜನ ಕಡಿಮೆ ಇರುವ ಹೊತ್ತು ನೋಡಿ. ಹಾಗೆಂದು ಎರಡು ಮೂರು ವರ್ಷ ಕೋಣೆಯಿಂದ ಹೊರಗೇ ಬಿಡದ ಮನೆಗಳಿವೆ. ಇದು ಕಾಳಜಿಯ ಹೆಸರಿನ ಶಿಕ್ಷೆ. ದಿನಕ್ಕೆ ಅರ್ಧ ಗಂಟೆ ನಡಿಗೆ ಬಿಪಿ, ಸಕ್ಕರೆ, ಮೂಳೆ ಮೂರಕ್ಕೂ ಔಷಧಿ.

8. ಮನಸ್ಸು, ಸಂಸಾರ

ಸ್ಟೆರಾಯ್ಡಿನಿಂದ ನಿದ್ರೆ ಹಾರುತ್ತದೆ, ಸಿಟ್ಟು ಏರುತ್ತದೆ, ಮುಖ ಊದುತ್ತದೆ. ಡೋಸ್ ಇಳಿದಂತೆ ಇವೂ ತಗ್ಗುತ್ತವೆ. ಮುಖ ಊದಿತೆಂದು ಯುವತಿಯರು ಗುಟ್ಟಾಗಿ ಮಾತ್ರೆ ಬಿಡುವುದುಂಟು. ಬಿಡುವ ಮುಂಚೆ ವೈದ್ಯರ ಜೊತೆ ಜಗಳವಾಡುವುದು ಲೇಸು, ಬದಲಿ ದಾರಿಗಳಿವೆ. ಕಿಡ್ನಿ ಕೊಟ್ಟವರು ಅಮ್ಮನೋ ಹೆಂಡತಿಯೋ ಆಗಿದ್ದರೆ ಋಣದ ಭಾರವೊಂದು ಮನೆಯಲ್ಲಿ ಓಡಾಡುತ್ತಿರುತ್ತದೆ. ಪ್ರತಿ ವರದಿ ಬರುವ ಮುಂಚಿನ ರಾತ್ರಿಯ ದಿಗಿಲು ಬೇರೆ. ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ ಅದೂ ಹೇಳಬೇಕಾದ ಲಕ್ಷಣವೇ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ದಾಂಪತ್ಯ ಸಂಬಂಧಕ್ಕೆ ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಆರೆಂಟು ವಾರಕ್ಕೆ, ಅಡ್ಡಿಯಿಲ್ಲ. ಗರ್ಭನಿರೋಧಕ ಮಾತ್ರ ಮೊದಲ ದಿನದಿಂದಲೇ ಬೇಕು. ಡಯಾಲಿಸಿಸ್‌ನಲ್ಲಿ ಮುಟ್ಟು ನಿಂತಿದ್ದವರಿಗೂ ಕಸಿಯ ನಂತರ ಬೇಗ ಮರಳುತ್ತದೆ. ಮೈಕೋಫಿನೋಲೇಟ್ ಭ್ರೂಣಕ್ಕೆ ಹಾನಿ ಮಾಡುತ್ತದೆ, ಅದನ್ನು ವೈದ್ಯರು ಬದಲಿಸಿ ಕನಿಷ್ಠ ಆರು ವಾರವಾದ ಮೇಲಷ್ಟೇ ಗರ್ಭದ ಯೋಚನೆ. ಕಸಿಯಾಗಿ ಕನಿಷ್ಠ ಒಂದು ವರ್ಷ ಕಳೆದಿರಬೇಕು, ಕಿಡ್ನಿ ಸ್ಥಿರವಾಗಿರಬೇಕು.

9. ಖರ್ಚು

ಆಪರೇಷನ್ನಿಗೆ ಸಾಲ ಮಾಡಿ, ಮಾತ್ರೆಗೆ ದುಡ್ಡಿಲ್ಲದೆ ಡೋಸ್ ಕಡಿಮೆ ಮಾಡಿಕೊಳ್ಳುವುದು ಕಿಡ್ನಿ ಕಳೆದುಕೊಳ್ಳುವ ನಿಶ್ಚಿತ ದಾರಿ. ದುಡ್ಡು ಮುಗಿಯುವ ಒಂದು ತಿಂಗಳು ಮುಂಚೆಯೇ ತಂಡಕ್ಕೆ ಹೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಏನು ಸಿಗುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ರೇಷನ್ ಕಾರ್ಡ್, ಆಧಾರ್ ಸಮೇತ ಭೇಟಿಯಾಗಿ ಕೇಳಿ. ಕಡಿಮೆ ಬೆಲೆಯ ಬ್ರಾಂಡಿಗೆ ಹೋಗುವುದಾದರೆ ವೈದ್ಯರೇ ಬರೆದು, ಲೆವೆಲ್ ನೋಡಿ ಬದಲಿಸಲಿ.

10. ಕಿಡ್ನಿ ಕೊಟ್ಟವರು

ಇವರ ಫೈಲ್ ಮನೆಯಲ್ಲಿ ಎಲ್ಲೋ ಕಳೆದುಹೋಗಿರುತ್ತದೆ. ದಾನಿಗೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಆಗಬೇಕು, ಮೇಲೆ ಹೇಳಿದ ನೋವಿನ ಮಾತ್ರೆಗಳಿಂದ ಅವರೂ ದೂರವಿರಬೇಕು. ನೀವು ವಾರ್ಷಿಕ ತಪಾಸಣೆಗೆ ಹೊರಡುವ ದಿನವೇ ಅವರದನ್ನೂ ಬರೆಸಿದರೆ ಒಂದೇ ಬಸ್ಸಿನಲ್ಲಿ ಇಬ್ಬರ ಕೆಲಸವೂ ಮುಗಿಯುತ್ತದೆ.